ಟೆಕ್ಸಸ್‌ನಲ್ಲೇ ಇರಬೇಕೇ, ಕೆನಡಾಕ್ಕೆ ಹೋಗಬೇಕೇ, ಊರಿಗೆ ಮರಳಬೇಕೇ? ಟ್ರಾನ್ಸ್ ಮಹಿಳೆಯೊಬ್ಬಳ ಪ್ರಶ್ನೆ

ಹೇಮಾವತಿ_ತೀರ · 14 ಡಿಸೆಂಬರ್ 2025

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯವಳು, ಟ್ರಾನ್ಸ್ ಮಹಿಳೆ, ವಯಸ್ಸು 34. ಎಂ.ಎಸ್. ಓದಲೆಂದು ಅಮೆರಿಕಕ್ಕೆ ಬಂದು, ಈಗ ಡಾಲಸ್ ಸಮೀಪದ ಊರೊಂದರಲ್ಲಿ ಎಚ್-1ಬಿ ಉದ್ಯೋಗ ವೀಸಾದ ಮೇಲೆ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಗ್ರೀನ್ ಕಾರ್ಡಿಗಾಗಿ ಕಂಪನಿ ಸಲ್ಲಿಸಿದ ಐ-140 ಅರ್ಜಿ ಮಂಜೂರಾಗಿದೆ, ಆದರೆ ನನ್ನ ಪ್ರಯಾರಿಟಿ ಡೇಟ್ (ಸಾಲಿನಲ್ಲಿ ನನ್ನ ಸ್ಥಾನ ಗೊತ್ತುಪಡಿಸುವ ದಿನಾಂಕ) 2019ರದ್ದು. ಇಬಿ-2 ಎಂಬ ಉದ್ಯೋಗ ವರ್ಗದಲ್ಲಿ ಭಾರತೀಯರ ಸಾಲು ಇನ್ನೂ 2013ರಲ್ಲೇ ನಿಂತಿರುವುದರಿಂದ ಗ್ರೀನ್ ಕಾರ್ಡಿನ ಮಾತನ್ನು ಸದ್ಯಕ್ಕೆ ಬದಿಗಿಟ್ಟೇ ಯೋಚಿಸುತ್ತಿದ್ದೇನೆ.

ನನ್ನ ಕಾಗದಪತ್ರಗಳ ಸ್ಥಿತಿ ಹೀಗಿದೆ. 2018ರಲ್ಲಿ ಪಡೆದ ಭಾರತೀಯ ಪಾಸ್‌ಪೋರ್ಟಿನಲ್ಲಿ ಮೀಸೆಯಿರುವ ಫೋಟೊ ಇದೆ, ಲಿಂಗ ಪುರುಷ ಎಂದಿದೆ. 2023ರಲ್ಲಿ ನ್ಯಾಯಾಲಯದ ಆದೇಶ ಪಡೆದು ಬದಲಾಯಿಸಿಕೊಂಡ ಟೆಕ್ಸಸ್ ಚಾಲನಾ ಪರವಾನಗಿಯಲ್ಲಿ ಸ್ತ್ರೀ ಎಂದಿದೆ. ನನ್ನ ಹೆಸರು ಇಬ್ಬರಿಗೂ ಒಪ್ಪುವಂಥದ್ದಾದ್ದರಿಂದ ಅದನ್ನು ಮುಟ್ಟುವ ಪ್ರಮೇಯ ಬರಲಿಲ್ಲ. ವೀಸಾದವರಿಗೆ ಇಲ್ಲಿನ ಪರವಾನಗಿ ವಾಸ್ತವ್ಯದ ಅವಧಿಯೊಂದಿಗೇ ಮುಗಿಯುತ್ತದೆ. ನನ್ನದು ಮುಂದಿನ ಅಕ್ಟೋಬರ್‌ಗೆ ಮುಗಿಯಲಿದೆ. 2024ರ ಆಗಸ್ಟ್‌ನಿಂದ, ಪರವಾನಗಿ ಕೊಡುವ ಸಾರ್ವಜನಿಕ ಸುರಕ್ಷತಾ ಇಲಾಖೆಯವರು ಲಿಂಗ ಬದಲಾವಣೆಯ ನ್ಯಾಯಾಲಯದ ಆದೇಶಗಳನ್ನು ಒಪ್ಪುತ್ತಿಲ್ಲ, ಹಿಂದೆ ಹಾಗೆ ಬದಲಾದ ದಾಖಲೆಗಳನ್ನೂ ಮೊದಲಿನಂತೆ ಮಾಡಬೇಕೆಂದು ರಾಜ್ಯದ ಅಟಾರ್ನಿ ಜನರಲ್ ಈ ವರ್ಷ ಮಾರ್ಚ್‌ನಲ್ಲಿ ಅಭಿಪ್ರಾಯ ಕೊಟ್ಟಿದ್ದಾರೆ. ನವೀಕರಣಕ್ಕೆ ಹೋದಾಗ ಏನಾಗಬಹುದೆಂದು ನಿಮಗೇ ತಿಳಿಯುತ್ತದೆ.

ಇದರ ಮೇಲೆ ಸೆಪ್ಟೆಂಬರ್ 1ರಿಂದ, ಸರ್ಕಾರಿ ದಾಖಲೆಗಳಲ್ಲಿ ಹುಟ್ಟಿನ ಲಿಂಗವನ್ನೇ ಪರಿಗಣಿಸುವ ಎಚ್‌ಬಿ 229 ಎಂಬ ರಾಜ್ಯ ಕಾನೂನು ಬಂದಿದೆ, ಈ ತಿಂಗಳ 4ರಿಂದ ಶೌಚಾಲಯದ ಕಾನೂನು ಎಸ್‌ಬಿ 8 ಜಾರಿಯಾಗಿದೆ, ನವೆಂಬರ್ 6ರಂದು ಅಮೆರಿಕದ ಸುಪ್ರೀಂ ಕೋರ್ಟ್ ಪಾಸ್‌ಪೋರ್ಟಿನಲ್ಲಿ ಹುಟ್ಟಿನ ಲಿಂಗವನ್ನೇ ನಮೂದಿಸುವ ವಿಷಯದಲ್ಲಿ ಸರ್ಕಾರದ ಪರವಾಗಿ ಮಧ್ಯಂತರ ಆದೇಶ ಕೊಟ್ಟಿದೆ. ಪ್ರತಿ ವಾರ ಹೊಸದೊಂದು ಸುದ್ದಿ. ನಾನು ಇಲ್ಲಸಲ್ಲದ ಭಯ ಪಡುತ್ತಿದ್ದೇನೆಯೋ, ಹೊರಡಬೇಕಾದ ಹೊತ್ತಿನಲ್ಲಿ ಹೊರಡದೆ ಕೂತಿದ್ದೇನೆಯೋ ನನಗೇ ತಿಳಿಯದಾಗಿದೆ. ಕೆನಡಾದಲ್ಲಿ ಆಶ್ರಯ ಕೇಳಬಹುದೆಂದು ಗೆಳತಿಯೊಬ್ಬಳು ಹೇಳುತ್ತಾಳೆ. ಅಮ್ಮನೊಬ್ಬರಿಗೆ ಮಾತ್ರ ನನ್ನ ವಿಷಯ ಗೊತ್ತು. ಅವರು “ಊರಿಗೇ ಬಂದುಬಿಡು, ಬೆಂಗಳೂರಿನಲ್ಲಿ ಇದ್ದರಾಯಿತು” ಎನ್ನುತ್ತಾರೆ. ಸ್ವತಃ ಈ ದಾರಿಯಲ್ಲಿ ನಡೆದವರು ಅಥವಾ ಹತ್ತಿರದಿಂದ ಕಂಡವರು ದಯವಿಟ್ಟು ತಿಳಿಸಿ.

ನಯಾಗರದಾಚೆ · 14 ಡಿಸೆಂಬರ್

ನಾನು ಟ್ರಾನ್ಸ್ ಪುರುಷ, ದಾವಣಗೆರೆ ಕಡೆಯವನು, ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಕೆನಡಾದ ಅಂಕ ಆಧಾರಿತ ವಲಸೆ ವ್ಯವಸ್ಥೆಯ ಮೂಲಕ ಬೆಂಗಳೂರಿನಿಂದ ನೇರವಾಗಿ ಒಂಟಾರಿಯೊಗೆ ಬಂದವನು. ಕೆನಡಾದ ಪಾಲಿನ ಉತ್ತರ ನನ್ನದಿರಲಿ.

ಆಶ್ರಯದ ಆಲೋಚನೆಯನ್ನು ಮೊದಲು ಬಿಡಿ. ನೀವು ಭಾರತದ ಪ್ರಜೆ. ಕೆನಡಾದಲ್ಲಿ ನಿರಾಶ್ರಿತರಾಗಿ ಅರ್ಜಿ ಹಾಕಿದರೆ ನಿಮ್ಮ ಪೌರತ್ವದ ದೇಶದಲ್ಲಿ, ಎಂದರೆ ಭಾರತದಲ್ಲಿ, ನಿಮಗೆ ಏನು ಅಪಾಯವಿದೆ ಎಂಬುದನ್ನು ರುಜುವಾತುಪಡಿಸಬೇಕೇ ಹೊರತು ಟೆಕ್ಸಸ್ ಏನು ಮಾಡಿತು ಎಂಬುದನ್ನಲ್ಲ. ಅಲ್ಲದೆ ಅಮೆರಿಕ ಮತ್ತು ಕೆನಡಾ ನಡುವೆ 2004ರಿಂದ ಸುರಕ್ಷಿತ ಮೂರನೇ ದೇಶದ ಒಪ್ಪಂದವಿದೆ. 2023ರ ಮಾರ್ಚ್‌ನಿಂದ ಅದು ಇಡೀ ಭೂಗಡಿಗೆ ಅನ್ವಯಿಸುತ್ತಿದ್ದು, ಗಡಿಯಲ್ಲಿ ಬಂದು ಆಶ್ರಯ ಕೇಳಿದವರನ್ನು ಕೆಲವು ವಿನಾಯಿತಿಗಳ ಹೊರತಾಗಿ ಅಮೆರಿಕಕ್ಕೇ ಹಿಂದಿರುಗಿಸುತ್ತಾರೆ. ಹಾಗೆ ಹಿಂದಿರುಗಿಸಲ್ಪಟ್ಟ ಎಚ್-1ಬಿಯವರ ಪಾಡು ಏನಾಗಬಹುದೆಂದು ಊಹಿಸಿಕೊಳ್ಳಿ.

ಉಳಿದದ್ದು ಕೌಶಲದ ದಾರಿ. ಅಲ್ಲಿ ನಿಮ್ಮ ಟ್ರಾನ್ಸ್ ಗುರುತಿಗೆ ಅಂಕವೂ ಇಲ್ಲ, ಕಡಿತವೂ ಇಲ್ಲ. ವಯಸ್ಸಿಗೆ ಮಾತ್ರ ಕಡಿತವಿದೆ. ಒಂಟಿ ಅರ್ಜಿದಾರರಿಗೆ 29ರ ತನಕ 110 ಅಂಕ ಸಿಗುತ್ತದೆ, 34ಕ್ಕೆ 83, 35 ತುಂಬಿದರೆ 77. ಅರ್ಜಿ ಹಾಕಲು ಕೊಡುವ ಈ ವರ್ಷದ ಕರೆಗಳು ಬಹುಪಾಲು ಈಗಾಗಲೇ ಕೆನಡಾದೊಳಗೆ ದುಡಿಯುತ್ತಿರುವವರಿಗೆ, ಫ್ರೆಂಚ್ ಬಲ್ಲವರಿಗೆ, ಆರೋಗ್ಯ ಕ್ಷೇತ್ರದವರಿಗೆ ಹೋಗಿವೆ. ಒಳಗಿರುವವರ ಕಟ್‌ಆಫ್ 530ರ ಆಸುಪಾಸಿನಲ್ಲಿದ್ದರೆ ಫ್ರೆಂಚಿನವರದು ಅದಕ್ಕಿಂತ ಬಹಳ ಕೆಳಗಿದೆ. ಕೆಲಸದ ಆಫರ್‌ಗೆ ಕೊಡುತ್ತಿದ್ದ ಅಂಕಗಳನ್ನು ಮಾರ್ಚ್‌ನಲ್ಲಿ ತೆಗೆದುಹಾಕಿದ್ದಾರೆ. ಎಚ್-1ಬಿಯವರಿಗೆ ಶೀಘ್ರಮಾರ್ಗ ಕಲ್ಪಿಸುವುದಾಗಿ ನವೆಂಬರ್ ಬಜೆಟ್ಟಿನಲ್ಲಿ ಘೋಷಿಸಿದ್ದಾರಾದರೂ ವಿವರಗಳು ಹೊರಬಂದಿಲ್ಲ. 2023ರಲ್ಲಿ ಇಂಥದೇ ಯೋಜನೆ ತೆರೆದಾಗ 10,000 ಅರ್ಜಿಗಳ ಮಿತಿ ಎರಡೇ ದಿನದಲ್ಲಿ ಭರ್ತಿಯಾಗಿತ್ತು. ಆದ್ದರಿಂದ ಹೋಗುವ ನಿರ್ಧಾರ ಆಗದಿದ್ದರೂ ಇಂಗ್ಲಿಷ್ ಪರೀಕ್ಷೆಯನ್ನೂ ಪದವಿಗಳ ಮೌಲ್ಯಮಾಪನವನ್ನೂ ಈಗಲೇ ಮುಗಿಸಿಟ್ಟುಕೊಳ್ಳಿ. ಬಾಗಿಲು ತೆರೆದ ದಿನ ಕಾಗದ ಹುಡುಕುತ್ತಾ ಕೂರುವಂತಾಗಬಾರದು.

ಬದುಕಿನ ಬಗ್ಗೆ ಕೇಳಿದರೆ, ಇಲ್ಲಿ ನನಗೆ ನೆಮ್ಮದಿಯಿದೆ. 2017ರಿಂದ ಫೆಡರಲ್ ಮಾನವ ಹಕ್ಕುಗಳ ಕಾನೂನಿನಲ್ಲಿಯೇ ಲಿಂಗತ್ವ ಗುರುತಿಗೆ ರಕ್ಷಣೆಯಿದೆ. ಆದರೆ ಕೆನಡಾ ಪೂರ್ತಿ ಒಂದೇ ತೆರನಾಗಿದೆ ಎಂದುಕೊಳ್ಳಬೇಡಿ. ಆಲ್ಬರ್ಟಾ ಪ್ರಾಂತ್ಯ 2024ರ ಡಿಸೆಂಬರ್‌ನಲ್ಲಿ ಟ್ರಾನ್ಸ್ ಮಕ್ಕಳ ಚಿಕಿತ್ಸೆ, ಶಾಲೆಯಲ್ಲಿ ಬಳಸುವ ಹೆಸರು, ಕ್ರೀಡೆ ಈ ಮೂರರ ಮೇಲೂ ನಿರ್ಬಂಧದ ಕಾನೂನುಗಳನ್ನು ಮಾಡಿತು. ವಯಸ್ಕರಾದ ನಿಮಗೆ ಅವು ನೇರವಾಗಿ ತಾಗುವುದಿಲ್ಲ, ಆದರೂ ಪ್ರಾಂತ್ಯ ಆರಿಸಿಕೊಳ್ಳುವಾಗ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ಇನ್ನೊಂದು ವಿಷಯ: ಬಾಡಿಗೆ ದುಬಾರಿ, ಸಂಬಳ ಟೆಕ್ಸಸ್‌ಗಿಂತ ಗಣನೀಯವಾಗಿ ಕಡಿಮೆ.

ಹ್ಯೂಸ್ಟನ್_ನಿವಾಸಿ · 15 ಡಿಸೆಂಬರ್

ಟೆಕ್ಸಸ್‌ನಲ್ಲೇ ಉಳಿಯಲು ನಿರ್ಧರಿಸಿರುವ ಟ್ರಾನ್ಸ್ ಮಹಿಳೆ ನಾನು. ನನ್ನದೂ ಒಂದು ಮಾತು ಇರಲಿ. ಸುದ್ದಿಯಲ್ಲಿ ಬರುವ ಕಾನೂನುಗಳೆಲ್ಲ ನಮ್ಮೆಲ್ಲರಿಗೂ ಒಂದೇ ಬಗೆಯಲ್ಲಿ ತಾಗುವುದಿಲ್ಲ. ಎಸ್‌ಬಿ 8 ಅನ್ವಯಿಸುವುದು ಸರ್ಕಾರಿ ಕಟ್ಟಡ, ಸರ್ಕಾರಿ ಶಾಲೆ, ವಿಶ್ವವಿದ್ಯಾಲಯ ಮುಂತಾದವಕ್ಕೆ, ಮತ್ತು ಅದರ ದಂಡ ಬೀಳುವುದು ಸಂಸ್ಥೆಯ ಮೇಲೆ: ಮೊದಲ ಸಲಕ್ಕೆ 25,000 ಡಾಲರ್, ಅನಂತರ 1,25,000 ಡಾಲರ್. ಖಾಸಗಿ ಕಚೇರಿ, ಅಂಗಡಿ, ಹೋಟೆಲುಗಳು ಅದರ ವ್ಯಾಪ್ತಿಯಲ್ಲಿಲ್ಲ. ಲಿಂಗ ಪರಿವರ್ತನೆಯ ಚಿಕಿತ್ಸೆಯನ್ನು ನಿಷೇಧಿಸಿದ 2023ರ ಕಾನೂನು ಎಸ್‌ಬಿ 14 ಹದಿನೆಂಟರ ಒಳಗಿನವರಿಗೆ ಸಂಬಂಧಿಸಿದ್ದು. ನಮ್ಮ ಹಾರ್ಮೋನ್ ಔಷಧಿ ಎಸ್ಟ್ರಡಯೋಲ್ ಇವತ್ತಿಗೂ ಬೀದಿ ಮೂಲೆಯ ಫಾರ್ಮಸಿಯಲ್ಲಿ ಸಿಗುತ್ತಿದೆ. ಉದ್ಯೋಗದ ಮಟ್ಟಿಗೆ ಅಮೆರಿಕದ ಸುಪ್ರೀಂ ಕೋರ್ಟಿನ 2020ರ ಬೋಸ್ಟಾಕ್ ತೀರ್ಪು ಇನ್ನೂ ಊರ್ಜಿತವಾಗಿದ್ದು, ಟ್ರಾನ್ಸ್ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಇಡೀ ಅಮೆರಿಕದಲ್ಲಿ ಕಾನೂನುಬಾಹಿರ.

ಹಾಗೆಂದು ಎಲ್ಲವೂ ಸರಿಯಿದೆ ಎನ್ನುತ್ತಿಲ್ಲ. ಆದರೆ ನಾನು ಗ್ರೀನ್ ಕಾರ್ಡಿನವಳು. ನನ್ನ ಪರವಾನಗಿಗೆ ಇನ್ನೂ ವರ್ಷಗಳ ಬಾಳಿಕೆಯಿದೆ. ನಿಮಗೆ ಆ ಬಿಡುವು ಇಲ್ಲ ಎಂಬುದೇ ನನಗೂ ನಿಮಗೂ ಇರುವ ನಿಜವಾದ ವ್ಯತ್ಯಾಸ ಎಂದು ತೋರುತ್ತದೆ.

ಬಸವನಗುಡಿ_ಅಕ್ಕ · 16 ಡಿಸೆಂಬರ್

ತಂಗಿ, ನಿಮ್ಮ ಅಮ್ಮ “ಬಂದುಬಿಡು” ಎನ್ನುತ್ತಿದ್ದಾರೆ ಎಂಬುದನ್ನು ಓದಿಯೇ ಸಂತೋಷವಾಯಿತು. ನಮ್ಮಲ್ಲಿ ಎಷ್ಟೋ ಜನರಿಗೆ ಆ ಮಾತನ್ನು ಹೇಳುವವರು ಯಾರೂ ಇರಲಿಲ್ಲ. ಆದರೂ ಅಮ್ಮನ ಮಾತನ್ನೂ ಕಾನೂನಿನ ಮಾತನ್ನೂ ಬೇರೆಬೇರೆಯಾಗಿ ತೂಗಿ ನೋಡಬೇಕು.

ಕಾಗದದ ಮೇಲೆ 2025ರ ಈ ಹೊತ್ತಿಗೆ ಭಾರತದ ಸ್ಥಿತಿ ಟೆಕ್ಸಸ್‌ಗಿಂತ ಮೇಲು, ಅದರಲ್ಲಿ ಅನುಮಾನವಿಲ್ಲ. 2014ರ ನಾಲ್ಸಾ ತೀರ್ಪಿನಲ್ಲಿ ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2019ರ ಟ್ರಾನ್ಸ್‌ಜೆಂಡರ್ ಹಕ್ಕುಗಳ ಕಾಯಿದೆಯಡಿ ಜಿಲ್ಲಾಧಿಕಾರಿಗಳಿಂದ ಟ್ರಾನ್ಸ್‌ಜೆಂಡರ್ ಪ್ರಮಾಣಪತ್ರ ಪಡೆಯಲು ವೈದ್ಯಕೀಯ ತಪಾಸಣೆ ಬೇಕಿಲ್ಲ, ಪ್ರಮಾಣಿತ ಹೇಳಿಕೆ ಸಾಕು. ಅರ್ಜಿಯನ್ನು ರಾಷ್ಟ್ರೀಯ ಪೋರ್ಟಲ್‌ನಲ್ಲೇ ಹಾಕಬಹುದು. ಸ್ತ್ರೀ ಅಥವಾ ಪುರುಷ ಎಂದೇ ಬರೆಸಬೇಕಾದರೆ ಮಾತ್ರ ಶಸ್ತ್ರಚಿಕಿತ್ಸೆಯಾದ ಬಗ್ಗೆ ಆಸ್ಪತ್ರೆಯ ಪತ್ರವನ್ನು ಲಗತ್ತಿಸಿ ಏಳನೇ ಸೆಕ್ಷನ್ ಅಡಿ ಪರಿಷ್ಕೃತ ಪ್ರಮಾಣಪತ್ರ ಪಡೆಯಬೇಕು. ಕರ್ನಾಟಕದ ಮಟ್ಟಿಗೆ ಇನ್ನೊಂದು ಒಳ್ಳೆಯ ಬೆಳವಣಿಗೆಯಿದೆ. ಜನನ ಪ್ರಮಾಣಪತ್ರದಲ್ಲಿ ಹಿಂದಿನ ಮತ್ತು ಬದಲಾದ ಹೆಸರು, ಲಿಂಗ ಎರಡನ್ನೂ ನಮೂದಿಸಿ ಕೊಡಬೇಕೆಂದು ನಮ್ಮ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಎರಡೂ ಇರುವ ಕಾಗದ ಯಾರಿಗೆ ಬೇಕು ಎಂದು ಕೆಲವರು ಮುನಿಸಿಕೊಂಡರು. ಆದರೆ ಹಳೆಯ ಅಂಕಪಟ್ಟಿಗಳಿಗೂ ಹೊಸ ಗುರುತಿಗೂ ಕೊಂಡಿ ಬೇಕಾದವರಿಗೆ ಅದೇ ಉಪಯೋಗಕ್ಕೆ ಬರುತ್ತದೆ.

ಇನ್ನು ಕಾಗದದಾಚೆಯ ಮಾತು. ಬೆಂಗಳೂರಿನಲ್ಲಿ ನಿಮಗೆ ಮೊದಲು ಎದುರಾಗುವವರು ಮನೆ ಮಾಲೀಕರು. ನಾನು ಕಂಪನಿಯೊಂದರ ಮಾನವ ಸಂಪನ್ಮೂಲ ವಿಭಾಗದಲ್ಲಿದ್ದೇನೆ, ಸಂಬಳದ ಚೀಟಿ ಗಟ್ಟಿಯಾಗಿದೆ. ಹಾಗಿದ್ದರೂ ಕಳೆದ ಸಲ ಮನೆ ಬದಲಾಯಿಸುವಾಗ ಬ್ರೋಕರ್ ಫೋನಿನಲ್ಲಿ ಮೇಡಂ ಮೇಡಂ ಎಂದು ಮಾತನಾಡಿ, ಗೇಟಿನ ಬಳಿ ನನ್ನನ್ನು ನೋಡಿದ ಮೇಲೆ “ಓನರು ಫ್ಯಾಮಿಲಿಗೇ ಕೊಡೋದಂತೆ” ಎಂದು ಕೀಲಿಕೈಯನ್ನು ಜೇಬಿಗಿಳಿಸಿದ. ವಸತಿಯಲ್ಲಿ ತಾರತಮ್ಯ ಮಾಡಬಾರದೆಂದು 2019ರ ಕಾಯಿದೆ ಹೇಳುತ್ತದೆ, ಆದರೆ ಅದನ್ನು ಜಾರಿಗೊಳಿಸುವ ಹಲ್ಲು ಅದಕ್ಕಿಲ್ಲ. ಈ ಅಕ್ಟೋಬರ್ 17ರಂದು ಜೇನ್ ಕೌಶಿಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಜಡತೆಯನ್ನು ಕಟುವಾಗಿ ಟೀಕಿಸಿ, ಕೆಲಸ ಕಳೆದುಕೊಂಡ ಶಿಕ್ಷಕಿಗೆ ಪರಿಹಾರ ಕೊಡಿಸಿ, ಸಮಾನ ಅವಕಾಶದ ನೀತಿ ರೂಪಿಸಲು ಸಮಿತಿ ನೇಮಿಸಿದೆ. ಅದರ ಫಲವನ್ನು ಕಾದು ನೋಡಬೇಕು. ಸರ್ಕಾರಿ ನೇಮಕಾತಿಯಲ್ಲಿ ನಮಗೆ ಶೇ. 1 ಮೀಸಲಾತಿಯನ್ನು 2021ರಲ್ಲಿ ಮೊದಲು ತಂದದ್ದು ಕರ್ನಾಟಕವೇ ಆದರೂ ನಿಮ್ಮ ಕ್ಷೇತ್ರಕ್ಕೆ ಅದರಿಂದ ಪ್ರಯೋಜನವಿಲ್ಲ. ಐಟಿ ಕಂಪನಿಗಳಲ್ಲಿ ಒಳ್ಳೆಯವು ಇವೆ. ಪ್ರೈಡ್ ತಿಂಗಳೆಂದು ಜೂನ್‌ನಲ್ಲಿ ಕಾಮನಬಿಲ್ಲಿನ ಬಾವುಟ ಹಾರಿಸಿ ಜುಲೈನಲ್ಲಿ ಮಡಚಿಡುವವೂ ಇವೆ. ಆಫರ್ ಪತ್ರಕ್ಕೆ ಸಹಿ ಹಾಕುವ ಮೊದಲು ಆರೋಗ್ಯ ವಿಮೆಯ ಪಟ್ಟಿಯನ್ನು ಪೂರ್ತಿಯಾಗಿ ಕೇಳಿ ಓದಿ.

ಮದುವೆಯ ಆಲೋಚನೆ ಇದ್ದರೆ ಒಂದು ಮಾತು: 2023ರ ಅಕ್ಟೋಬರ್ ತೀರ್ಪಿನಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಸಿಗದಿದ್ದರೂ, ಟ್ರಾನ್ಸ್ ಮಹಿಳೆ ಪುರುಷನನ್ನು, ಟ್ರಾನ್ಸ್ ಪುರುಷ ಮಹಿಳೆಯನ್ನು ಈಗಿರುವ ಕಾನೂನುಗಳಡಿಯೇ ಮದುವೆಯಾಗಬಹುದೆಂದು ಸುಪ್ರೀಂ ಕೋರ್ಟ್ ಹೇಳಿದೆ.

ನನ್ನ ಅಭಿಪ್ರಾಯ ಕೇಳಿದರೆ, ಊರು ಕರೆಯುತ್ತಿದೆ ಎನಿಸಿದರೆ ಬನ್ನಿ. ಟೆಕ್ಸಸ್ ನೂಕುತ್ತಿದೆ ಎಂಬ ಒಂದೇ ಕಾರಣಕ್ಕೆ ಬರಬೇಡಿ. ಬಂದ ಮೇಲೆ ಮತ್ತೆ ಹೋಗುವುದು ಈಗ ಮೊದಲಿನಷ್ಟು ಸುಲಭವಾಗಿ ಉಳಿದಿಲ್ಲ.

ಹೇಮಾವತಿ_ತೀರ · 16 ಡಿಸೆಂಬರ್

ಅಕ್ಕ, ನಿಮ್ಮ ಕೊನೆಯ ಮಾತು ನನ್ನನ್ನು ತಟ್ಟಿತು. ಎಲ್ಲರಿಗೂ ಧನ್ಯವಾದ. ಒಂದು ಸಂದೇಹ: ಮುಂದೆ ಏನೇ ಮಾಡಿದರೂ ಮೊದಲು ಊರಿಗೆ ಹೋಗಿ, ಜಿಲ್ಲಾಧಿಕಾರಿಗಳ ಪ್ರಮಾಣಪತ್ರ ಪಡೆದು, ಪಾಸ್‌ಪೋರ್ಟನ್ನು ಸರಿಪಡಿಸಿಕೊಂಡು ಹಿಂದಿರುಗಿದರೆ ಹೇಗೆ? ಆ ಮೀಸೆಯ ಫೋಟೊ ತೋರಿಸಿ ತೋರಿಸಿ ಸಾಕಾಗಿದೆ. ಪ್ರತಿ ವಿಮಾನ ನಿಲ್ದಾಣದಲ್ಲೂ ಅಧಿಕಾರಿ ಫೋಟೊ ನೋಡಿ, ನನ್ನನ್ನು ನೋಡಿ, ಪುಟ ತಿರುವಿ, ಮತ್ತೆ ಫೋಟೊಗೇ ಬರುತ್ತಾರೆ. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಇಣುಕುತ್ತಾರೆ.

ಸೇಂಟ್‌ಪಾಲ್_ಶಾರದೆ · 17 ಡಿಸೆಂಬರ್

ನಾನು ಟ್ರಾನ್ಸ್ ವ್ಯಕ್ತಿಯಲ್ಲ. ಮಿನೆಸೊಟಾದಲ್ಲಿ ವಲಸೆ ವಕೀಲರ ಕಚೇರಿಯೊಂದರಲ್ಲಿ ಕಡತ ಸಿದ್ಧಪಡಿಸುವ ಕೆಲಸದಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ನಿಮ್ಮಂಥವರ ಕಡತಗಳನ್ನು ಈ ವರ್ಷ ಹೆಚ್ಚಾಗಿ ನೋಡುತ್ತಿದ್ದೇನೆ. ನಾನು ವಕೀಲೆಯಲ್ಲವಾದ್ದರಿಂದ ಇದನ್ನೆಲ್ಲ ನಿಮ್ಮ ವಕೀಲರಲ್ಲಿ ಖಚಿತಪಡಿಸಿಕೊಂಡೇ ಮುಂದುವರಿಯಿರಿ.

ನಿಮ್ಮ ಸಂದೇಹಕ್ಕೆ ಮೊದಲು ಉತ್ತರಿಸುತ್ತೇನೆ. ಈಗ ಊರಿಗೆ ಹೋಗಬೇಡಿ. ನಿಮ್ಮ ವೀಸಾ ಸ್ಟ್ಯಾಂಪ್ ಅವಧಿ ಮುಗಿದಿದ್ದರೆ ಹಿಂದಿರುಗಲು ಕಾನ್ಸುಲೇಟ್ ಸಂದರ್ಶನ ಬೇಕು. ಸೆಪ್ಟೆಂಬರ್‌ನಿಂದ ಸಂದರ್ಶನ ವಿನಾಯಿತಿ ಬಹುತೇಕ ರದ್ದಾಗಿದೆ, ಮೊನ್ನೆ 15ರಿಂದ ಎಚ್-1ಬಿಯವರ ಸಾಮಾಜಿಕ ಜಾಲತಾಣಗಳನ್ನೂ ಪರಿಶೀಲಿಸಲು ಆರಂಭಿಸಿದ್ದಾರೆ. ಅದರಿಂದಾಗಿ ಡಿಸೆಂಬರ್ ಸಂದರ್ಶನಕ್ಕೆಂದು ಭಾರತಕ್ಕೆ ಹೋದ ಎಷ್ಟೋ ಜನರ ದಿನಾಂಕಗಳು ಮಾರ್ಚ್‌ಗೆ ಮತ್ತು ಅದರಾಚೆಗೆ ಹೋಗಿವೆ. ಅಷ್ಟು ದಿನ ಕಂಪನಿ ನಿಮ್ಮ ಕುರ್ಚಿಯನ್ನು ಕಾಯುತ್ತದೆಯೇ? ಕೆಲಸ ಹೋಗಿ ಹೊಸ ಕಂಪನಿ ನಿಮ್ಮನ್ನು ಭಾರತದಿಂದ ಕರೆಸಿಕೊಳ್ಳಬೇಕಾದರೆ ಹೊಸ ಎಚ್-1ಬಿ ಅರ್ಜಿಗಳಿಗೆಂದು ಸೆಪ್ಟೆಂಬರ್‌ನಲ್ಲಿ ಘೋಷಿಸಿದ 1,00,000 ಡಾಲರ್ ಶುಲ್ಕದ ಪ್ರಶ್ನೆ ಎದುರಾಗುತ್ತದೆ. ಅಮೆರಿಕದೊಳಗೇ ಇದ್ದುಕೊಂಡು ಅವಧಿ ವಿಸ್ತರಿಸಿಕೊಳ್ಳುವವರಿಗೂ ಕಂಪನಿ ಬದಲಾಯಿಸುವವರಿಗೂ ಆ ಶುಲ್ಕವಿಲ್ಲವೆಂದು ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿದ್ದಾರೆ.

ಎರಡನೆಯದಾಗಿ, ನೀವು ಹೆದರಿದ ನವೆಂಬರ್ 6ರ ಆದೇಶ ಅಮೆರಿಕದ ಪಾಸ್‌ಪೋರ್ಟಿಗೆ ಸಂಬಂಧಿಸಿದ್ದು. ನಿಮ್ಮ ಪಾಸ್‌ಪೋರ್ಟ್ ಭಾರತದ್ದಾದ್ದರಿಂದ ಅದು ನಿಮಗೆ ತಾಗುವುದಿಲ್ಲ. ನಿಮಗೆ ತಾಗುವುದು ಹೆಚ್ಚು ಸುದ್ದಿಯಾಗದ ಇನ್ನೊಂದು ನಿಯಮ. ಏಪ್ರಿಲ್ 2ರಿಂದ ಅಮೆರಿಕದ ವಲಸೆ ಇಲಾಖೆ ಹುಟ್ಟಿನ ಸಮಯದ ದಾಖಲೆಯಲ್ಲಿರುವ ಲಿಂಗವನ್ನೇ ಪರಿಗಣಿಸುತ್ತದೆ. ಸದ್ಯ ನಿಮ್ಮ ಪಾಸ್‌ಪೋರ್ಟಿಗೂ ಇಲ್ಲಿನ ವಲಸೆ ಕಡತಕ್ಕೂ ಹೊಂದಾಣಿಕೆ ಇರುವುದರಿಂದ ಅಧಿಕಾರಿಗೆ ಪ್ರಶ್ನೆ ಕೇಳಲು ಎಡೆಯಿಲ್ಲ. ಪಾಸ್‌ಪೋರ್ಟನ್ನು ಈಗ ಬದಲಾಯಿಸಿದರೆ ಇಲ್ಲಿನ ಕಡತಕ್ಕೂ ಅದಕ್ಕೂ ಹೊಂದಾಣಿಕೆ ತಪ್ಪಿ, ಸುಳ್ಳು ಮಾಹಿತಿ ಕೊಟ್ಟಿರೆಂಬ ಆಪಾದನೆಗೂ ದಾರಿಯಾದೀತು. ಮನಸ್ಸಿಗೆ ಒಗ್ಗದ ಮಾತಿದು, ನನಗೆ ಗೊತ್ತು. ಆದರೆ ಪಾಸ್‌ಪೋರ್ಟ್ ತಿದ್ದುಪಡಿಯನ್ನು ಅಮೆರಿಕದ ವೀಸಾ ವ್ಯವಸ್ಥೆಯಿಂದ ಹೊರಬರುವ ಕಾಲಕ್ಕೆ ಇಟ್ಟುಕೊಳ್ಳುವುದು ಕ್ಷೇಮ. ಲಿಂಗದ ನಮೂದನ್ನು ಮುಟ್ಟದೆ ಬರೀ ಫೋಟೊ ಬದಲಾಯಿಸಲು ಹ್ಯೂಸ್ಟನ್ನಿನ ಭಾರತೀಯ ಕಾನ್ಸುಲೇಟ್ ಮೂಲಕ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಬಹುದು. ವಿಮಾನ ನಿಲ್ದಾಣದ ಅರ್ಧ ತಲೆನೋವು ಅದರಲ್ಲೇ ಕಡಿಮೆಯಾಗುತ್ತದೆ.

ಮೂರನೆಯದು, ಯಾರೂ ಇನ್ನೂ ಹೇಳದ ದಾರಿ: ಇದೇ ದೇಶದೊಳಗೆ ರಾಜ್ಯ ಬದಲಾಯಿಸುವುದು. ನಿಮಗೆ ತುರ್ತಾಗಿ ತಾಗುತ್ತಿರುವುದು ಚಾಲನಾ ಪರವಾನಗಿ. ಅದು ಪೂರ್ತಿಯಾಗಿ ರಾಜ್ಯದ ವಿಷಯ. ಮಿನೆಸೊಟಾದ ಮಾನವ ಹಕ್ಕುಗಳ ಕಾಯಿದೆಯಲ್ಲಿ ಟ್ರಾನ್ಸ್ ಜನರಿಗೆ 1993ರಿಂದಲೇ ರಕ್ಷಣೆಯಿದೆ. ಇಲ್ಲಿ ಪರವಾನಗಿಯ ಅರ್ಜಿಯಲ್ಲಿ ನೀವು ಬರೆದ ಲಿಂಗವನ್ನೇ ಮುದ್ರಿಸುತ್ತಾರೆ, ನ್ಯಾಯಾಲಯದ ಆದೇಶ ಕೇಳುವುದಿಲ್ಲ. ವಾಷಿಂಗ್ಟನ್, ಇಲಿನಾಯ್, ಕ್ಯಾಲಿಫೋರ್ನಿಯಾಗಳಲ್ಲೂ ಪರಿಸ್ಥಿತಿ ಹೆಚ್ಚುಕಡಿಮೆ ಹೀಗೆಯೇ ಇದೆ. ಇದೇ ಕಂಪನಿಯಲ್ಲಿದ್ದುಕೊಂಡೇ ಬೇರೆ ಮಹಾನಗರ ಪ್ರದೇಶದಿಂದ ಕೆಲಸ ಮಾಡಬೇಕಾದರೆ ಕಂಪನಿಯವರು ತಿದ್ದುಪಡಿ ಮಾಡಿದ ಎಚ್-1ಬಿ ಅರ್ಜಿ ಸಲ್ಲಿಸಬೇಕು. ಅದು ಸಲ್ಲಿಕೆಯಾದ ಕೂಡಲೇ ಹೊಸ ಜಾಗದಲ್ಲಿ ಕೆಲಸ ಆರಂಭಿಸಬಹುದು, ಮಂಜೂರಾತಿಗೆ ಕಾಯಬೇಕಿಲ್ಲ. ಸಲ್ಲಿಕೆಗೆ ಮೊದಲು ಮಾತ್ರ ಸಾಮಾನು ಕಟ್ಟಬೇಡಿ. ಐ-140 ಮಂಜೂರಾಗಿ 180 ದಿನ ಕಳೆದಿದ್ದರೆ, ಮುಂದೆ ಕಂಪನಿ ಬಿಟ್ಟರೂ ನಿಮ್ಮ 2019ರ ಸ್ಥಾನ ಉಳಿದುಕೊಳ್ಳುತ್ತದೆ.

ವಿಮೆಯನ್ನೂ ನೋಡಿಕೊಳ್ಳಿ. 2026ರಿಂದ ಮಾರ್ಕೆಟ್‌ಪ್ಲೇಸ್ ಯೋಜನೆಗಳಲ್ಲಿ (ಸರ್ಕಾರಿ ವಿಮಾ ತಾಣದಲ್ಲಿ ಜನ ತಾವೇ ಕೊಳ್ಳುವ ವಿಮೆ) ಲಿಂಗ ಪರಿವರ್ತನೆಯ ಚಿಕಿತ್ಸೆಯನ್ನು ಅತ್ಯಗತ್ಯ ಸೌಲಭ್ಯಗಳ ಪಟ್ಟಿಯಿಂದ ಕೈಬಿಟ್ಟಿದ್ದಾರೆ. ದೊಡ್ಡ ಕಂಪನಿಗಳು ತಮ್ಮದೇ ಹಣದಿಂದ ನಡೆಸುವ ಯೋಜನೆಗಳು ಆ ನಿಯಮದಡಿ ಬರುವುದಿಲ್ಲ. ನಿಮ್ಮದು ಯಾವ ಬಗೆಯದೆಂದು ಕಂಪನಿಯಲ್ಲಿ ಲಿಖಿತವಾಗಿ ಕೇಳಿ.

ನಯಾಗರದಾಚೆ · 17 ಡಿಸೆಂಬರ್

ಶಾರದಾ ಅವರು ಹೇಳಿದ್ದನ್ನು ಒಪ್ಪುತ್ತೇನೆ. ಇದಕ್ಕೂ ಕೆನಡಾ ಅರ್ಜಿಗೂ ವಿರೋಧವಿಲ್ಲ, ಎರಡನ್ನೂ ಒಟ್ಟಿಗೆ ನಡೆಸಬಹುದು. ನಿಮ್ಮ 35ನೇ ಹುಟ್ಟುಹಬ್ಬದ ಮೊದಲು ಪ್ರೊಫೈಲ್ ಹಾಕಿ ಬಿಡುವಿನಲ್ಲಿ ಫ್ರೆಂಚ್ ಶುರುಮಾಡಿ. ನಮ್ಮ ಕಡೆಯವರಿಗೆ ಭಾಷೆ ಕಲಿಯುವುದು ಅಷ್ಟೇನೂ ಕಷ್ಟವಲ್ಲ. ಉಚ್ಚಾರಣೆಯಲ್ಲಿ ಮೂಗು ಮಾತ್ರ ಸ್ವಲ್ಪ ಸಹಕರಿಸಬೇಕು.

ಹೇಮಾವತಿ_ತೀರ · 19 ಡಿಸೆಂಬರ್

ಎರಡು ದಿನ ಯೋಚಿಸಿ, ಅಮ್ಮನ ಬಳಿಯೂ ಮಾತನಾಡಿ ಬರೆಯುತ್ತಿದ್ದೇನೆ. ನಮ್ಮ ಕಂಪನಿಗೆ ಮಿನಿಯಾಪೊಲಿಸ್‌ನಲ್ಲೂ ಕಚೇರಿಯಿದೆ. ಮ್ಯಾನೇಜರ್ ಬಳಿ ಕಾರಣ ಹೇಳದೆ ವರ್ಗಾವಣೆ ಮಾತ್ರ ಕೇಳಿದೆ, ಜನವರಿಯಲ್ಲಿ ತಿದ್ದುಪಡಿ ಅರ್ಜಿ ಹಾಕಲು ಒಪ್ಪಿದ್ದಾರೆ. ಅಕ್ಟೋಬರ್ ಒಳಗೆ ಟೆಕ್ಸಸ್ ಬಿಟ್ಟರೆ ಇಲ್ಲಿನ ಪರವಾನಗಿ ಕಚೇರಿಯ ಮೆಟ್ಟಿಲನ್ನು ಮತ್ತೆ ಹತ್ತಬೇಕಿಲ್ಲ. ಇಂಗ್ಲಿಷ್ ಪರೀಕ್ಷೆಗೆ ಹೆಸರು ನೋಂದಾಯಿಸಿದ್ದೇನೆ. ಊರಿನ ವಿಷಯದಲ್ಲಿ ಅಮ್ಮನಿಗೆ ಬೇಸರವಾಗಿದೆ. ಮಂಡಿನೋವಿನ ನಡುವೆಯೂ ತಾನೇ ಬೇಸಿಗೆಯಲ್ಲಿ ಬರುತ್ತೇನೆ ಎನ್ನುತ್ತಿದ್ದಾರೆ, ಅವರ ವೀಸಾಕ್ಕೂ ಸಂದರ್ಶನ ಬೇಕಲ್ಲ.

ಶಾರದಾ ಅವರೇ, ಮಿನೆಸೊಟಾ ಪರವಾನಗಿಯೂ ವೀಸಾ ಅವಧಿಯೊಂದಿಗೇ ಮುಗಿಯುತ್ತದೆಯೇ?

ಸೇಂಟ್‌ಪಾಲ್_ಶಾರದೆ · 19 ಡಿಸೆಂಬರ್

ಇಲ್ಲಿ ಎರಡು ಬಗೆಯವು ಇವೆ. ಸಾಮಾನ್ಯ ಪರವಾನಗಿಗೆ 2023ರ ಅಕ್ಟೋಬರ್‌ನಿಂದ ವಲಸೆಯ ಪುರಾವೆಯನ್ನೇ ಕೇಳುವುದಿಲ್ಲ. ಆದರೆ ದೇಶದೊಳಗೆ ವಿಮಾನ ಹತ್ತಲು ಅದು ಸಾಲದು, ಪಾಸ್‌ಪೋರ್ಟ್ ತೋರಿಸಬೇಕಾಗುತ್ತದೆ. ಇನ್ನೊಂದು, ಫೆಡರಲ್ ಮಾನದಂಡದ ಪರವಾನಗಿಯಾದ ರಿಯಲ್ ಐಡಿ. ಅದನ್ನು ಪಡೆದರೆ ವಿಮಾನಕ್ಕೆ ಅದೇ ಸಾಕು, ಆದರೆ ಅದರ ಅವಧಿ ನಿಮ್ಮ ವಾಸ್ತವ್ಯಕ್ಕೆ ಕಟ್ಟುಬೀಳುತ್ತದೆ. ನಿಮಗೆ ರಿಯಲ್ ಐಡಿಯೇ ಒಳ್ಳೆಯದು ಎಂದು ನನ್ನ ಅನಿಸಿಕೆ, ನವೀಕರಣಕ್ಕೆ ಹೋದಾಗಲೂ ಇಲ್ಲಿ ಲಿಂಗದ ಬಗ್ಗೆ ಯಾರೂ ಕಾಗದ ಕೇಳುವುದಿಲ್ಲ. ಬಂದು ನೆಲೆಸಿದ 60 ದಿನಗಳೊಳಗೆ ಅರ್ಜಿ ಹಾಕಬೇಕು; ಬಾಡಿಗೆ ಕರಾರನ್ನೂ ವಿದ್ಯುತ್ ಬಿಲ್ಲನ್ನೂ ನಿಮ್ಮ ಹೆಸರಿನಲ್ಲೇ ಮಾಡಿಸಿಕೊಂಡಿರಿ. ಜನವರಿಯಲ್ಲೇ ಬರುವುದಾದರೆ ದಪ್ಪ ಕೋಟನ್ನು ಡಾಲಸ್‌ನಲ್ಲಿ ಕೊಳ್ಳಬೇಡಿ, ಅಲ್ಲಿ ಮಾರುವ ಕೋಟು ಇಲ್ಲಿನ ಚಳಿಗೆ ಸಾಲುವುದಿಲ್ಲ.